ಹತ್ತು ಮಾರು ಕಾಲುವೆ

"ಇದು ಆಳಲ್ಲ ಕಣಕ್ಕ, ಅರ್ಧ ಆಳು!" ಎಂದ ಬೋರಪ್ಪ, ಓಬಕ್ಕಜ್ಜಿಗೆ.

ಕಾಲುವೆ ದಂಡೆಯ ಮೇಲೆ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ವೇಣಿ ನಗಲಿಲ್ಲ. ಹೆಗಲ ಮೇಲಿದ್ದ ಅಪ್ಪನ ಗುದ್ದಲಿಯನ್ನು ಧಪ್ಪೆಂದು ಕೆಳಗಿಳಿಸಿದಳು.

"ಮನೆಗೊಂದಾಳು ಬರ್ಬೇಕು ಅಂದ್ರಲ್ಲ? ಬಂದೀನಿ."

ಮಳೆಗಾಲಕ್ಕೆ ಮುಂಚೆ ಕೆರೆಯ ಕಾಲುವೆ ಹಸನು ಮಾಡುವುದು ತೆಲುಗು ಗಡಿಯ ಆ ಊರಿನ ಹಳೆಯ ಪದ್ಧತಿ. ಒಂದೊಂದು ಮನೆಯಿಂದ ಒಬ್ಬೊಬ್ಬರು ಬರಬೇಕು. ಬಂದವರು ಎರಡೂ ಕೈ ಚಾಚಿ ನಿಂತರೆ, ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಅಂಥ ಹತ್ತು ಮಾರು ಕಾಲುವೆ ಒಂದು ಮನೆಯ ಪಾಲು.

ಕೂಲಿಗೀಲಿ ಏನೂ ಇಲ್ಲ. ಹೊಸ ನೀರು ಕೆರೆಗೆ ಬಂದ ದಿನ ಏರಿಯ ಮೇಲೆ ಊರೆಲ್ಲ ಸೇರುತ್ತದೆ. ದುಡಿದ ಮನೆಗಳ ಹೆಸರನ್ನು ಒಂದೊಂದಾಗಿ, ಮೂರು ಮೂರು ಸಲ ಕೂಗುತ್ತಾರೆ. ದುಡಿದವರೇ "ಬಂದೀವೋ!" ಎಂದು ಕೂಗಿ ಒಂದು ಹಿಡಿ ಕಾಳನ್ನು ನೀರಿಗೆ ಹಾಕಬೇಕು. ಓಗೊಡದಿದ್ದರೆ ಆ ವರ್ಷಕ್ಕೆ ಹೆಸರು ತಪ್ಪಿದಂತೆ. ಆಳು ಕಳಿಸದ ಮನೆಯನ್ನು ಯಾರೂ ಬೈಯುವುದಿಲ್ಲ. ಹೆಸರು ಕೂಗುವುದಿಲ್ಲ, ಅಷ್ಟೆ. ಬೈಗುಳವೇ ಎಷ್ಟೋ ವಾಸಿ!

ವೇಣಿಯ ಮನೆಯನ್ನು ಅವಳ ತಾತನ ಹೆಸರಿನಲ್ಲಿ ಪಾಪಯ್ಯನ ಮನೆ ಎಂದು ಕೂಗುತ್ತಿದ್ದರು. ಆ ಹೆಸರು ಇದುವರೆಗೆ ಒಂದು ವರ್ಷವೂ ತಪ್ಪಿರಲಿಲ್ಲ. ಆದರೆ ಈ ಸಲ ಅಪ್ಪ ಪೆನುಕೊಂಡದ ಹತ್ತಿರ ಕಾರು ಫ್ಯಾಕ್ಟರಿಯಲ್ಲಿದ್ದ. ರಜೆ ಸಿಕ್ಕಿರಲಿಲ್ಲ. ಅಮ್ಮ ಧನಲಕ್ಷ್ಮಿ ಅಂಗಳದಲ್ಲಿ ಜಾರಿಬಿದ್ದು ಕೈ ಮುರಿದುಕೊಂಡು, ಕಲ್ಯಾಣದುರ್ಗಕ್ಕೆ ಹೋಗಿ ಪಟ್ಟಿ ಹಾಕಿಸಿಕೊಂಡು ಬಂದಿದ್ದಳು. ಮನೆಯಲ್ಲಿ ಇನ್ನು ಯಾರಿದ್ದಾರೆ? ಐದನೇ ಕ್ಲಾಸಿನ ಕೃಷ್ಣವೇಣಿ.

"ಹೋಗ್ಲಿ ಬಿಡು, ಒಂದು ವರ್ಷ ಕೂಗ್ದಿದ್ರೆ ಆಕಾಶ ಕಳಚಿ ಬೀಳಲ್ಲ," ಎಂದಿದ್ದಳು ಅಮ್ಮ. ಹಾಗೆಂದವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ವೇಣಿ ಅದನ್ನು ನೋಡಿದಳು. ನೋಡಿದ ಮೇಲೆ ಮನೆಯಲ್ಲಿ ಕೂತಿರಲು ಆಗಲಿಲ್ಲ.

"ಕೈ ಚಾಚಮ್ಮ," ಎಂದಳು ಓಬಕ್ಕಜ್ಜಿ. "ನಿನ್ನ ಮಾರಿಗೆ ತಕ್ಕಂಗೆ ನಿನ್ನ ಪಾಲು."

ಕೆರೆ ಕೆಲಸಕ್ಕೆಲ್ಲ ಓಬಕ್ಕಜ್ಜಿಯೇ ಯಜಮಾನಿ. ಓಟು ಹಾಕಿ ಯಾರೂ ಆರಿಸಿದ್ದಲ್ಲ. ಅವಳು ಮಂಕರಿ ಬುಟ್ಟಿ ಹಿಡಿದು ಹೊರಟರೆ ಊರು ಹಿಂದೆ ಹೊರಡುತ್ತದೆ. ಹೊರಡದವರನ್ನು ಅವಳ ಬಾಯಿ ಹೊರಡಿಸುತ್ತದೆ.

ವೇಣಿ ಕೈ ಚಾಚಲಿಲ್ಲ. ತನ್ನ ಕೈ ಗಿಡ್ಡ, ಅಳೆದರೆ ಪಾಲೂ ಗಿಡ್ಡವಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನಮ್ಮಪ್ಪನ ಮಾರು ಎಷ್ಟಿತ್ತೋ ಅಷ್ಟೇ ಕೊಡಜ್ಜಿ. ಹೋದ್ ವರ್ಷದ್ದೇ ಪಾಲು."

"ಎಲಾ ಇವಳ!" ಎಂದ ಬೋರಪ್ಪ. "ಏಮ್ ಪಾಪಾ, ಆಮೇಲೆ ಅತ್ಕೊಂಡು ಮನೆಗೆ ಓಡೋಗ್ಬ್ಯಾಡ ಮತ್ತೆ."

"ಓಡೋಗಲ್ಲ ಮಾವ."

ಅಪ್ಪನ ಪಾಲು ಇದ್ದದ್ದು ಕಾಲುವೆಯ ತಿರುವಿನಲ್ಲಿ. ಅದರ ಪಕ್ಕದ್ದೇ ಬೋರಪ್ಪನ ಪಾಲು. ದಂಡೆಯ ಆಚೆಗೆ ಅವನ ಕಡಲೆಕಾಯಿ ಹೊಲ.

"ಒಂದು ಮಾತು ಕೇಳು," ಎಂದಳು ಅಜ್ಜಿ. "ನಿನ್ನ ಪಾಲಿಗೆ ಬ್ಯಾರೆಯವರು ಕೈ ಹಾಕಂಗಿಲ್ಲ. ನೀನಾಗಿ ಕೇಳಿದ್ರೆ ಬತ್ತಾರೆ. ಕೇಳ್ದೆ ಮುಟ್ಟಲ್ಲ."

ನಾನು ಯಾರನ್ನೂ ಕೇಳಲ್ಲ, ಎಂದುಕೊಂಡಳು ವೇಣಿ.

ಕಾಲುವೆಯಲ್ಲಿ ಏನಿರಲಿಲ್ಲ! ಪ್ಲಾಸ್ಟಿಕ್ ಕವರು, ಒಡೆದ ಬಾಟಲಿ, ಒಂಟಿ ಚಪ್ಪಲಿ, ಜಾಲಿ ಮುಳ್ಳು. ಅದರ ಮೇಲೆ ಗಟ್ಟಿ ಹೂಳು. ವೇಣಿ ಅಗೆದಳು, ತುಂಬಿದಳು, ಹೊತ್ತು ಹಾಕಿದಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬಟ್ಟೆ ಸುತ್ತಿಕೊಂಡು ಮತ್ತೆ ಅಗೆದಳು. ಪಕ್ಕದಲ್ಲಿ ಬೋರಪ್ಪನ ಮೊಬೈಲು ತೆಲುಗು ಹಾಡು ಹಾಡುತ್ತಿತ್ತು. ಅವನು ನಡುನಡುವೆ ಇಣುಕಿ ನೋಡಿ "ಊಂ" ಎನ್ನುತ್ತಿದ್ದ.

ಮಾರನೆಯ ದಿನ ಹೊತ್ತೇರುವಷ್ಟರಲ್ಲಿ ಕಾಲುವೆಯ ತಳ ಹಸನಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ವೇಣಿಯ ಕಣ್ಣು ದಂಡೆಯ ಮೇಲೆ ಬಿತ್ತು. ಅಲ್ಲೆಲ್ಲ ಗರಿಕೆ ಹುಲ್ಲು, ಸಣ್ಣಸಣ್ಣ ಲಕ್ಕಿ ಗಿಡ. ಛೆ, ಎಷ್ಟು ಕಸ!

ಸ್ಕೂಲಿನಲ್ಲಿ ಕ್ಲೀನಿಂಗ್ ಡೇ ದಿನ ವೇಣಿಯ ಕ್ಲಾಸಿಗೇ ಫಸ್ಟ್ ಪ್ರೈಜ್ ಬಂದಿತ್ತು. ಒಂದು ಕಡ್ಡಿ ಹುಲ್ಲೂ ಇಲ್ಲ ಎಂದು ಸಾರ್ ಹೊಗಳಿದ್ದರು. ವೇಣಿ ಇಲ್ಲೂ ಹಾಗೇ ಮಾಡಿದಳು. ಹುಲ್ಲನ್ನು ಹೆರೆದಳು. ಲಕ್ಕಿ ಗಿಡಗಳನ್ನು ಬೇರುಸಮೇತ ಅಗೆದು ರಾಶಿ ಹಾಕಿದಳು. ದಂಡೆ ಸಾರಿಸಿದ ಅಂಗಳದಂತೆ ನುಣ್ಣಗಾಯಿತು.

ಊಟ ತಂದ ಅಮ್ಮ ಮೊಬೈಲಿನಲ್ಲಿ ಫೋಟೋ ತೆಗೆದು ಅಪ್ಪನಿಗೆ ಕಳಿಸಿದಳು. ಅಪ್ಪ ಮೂರು ಥಂಬ್ಸ್ ಅಪ್ ಹಾಕಿದ. ಅವನೂ ಅದೇ ಕಾಲುವೆಯಲ್ಲಿ ಬೆಳೆದವನೇ. ಆದರೆ ಅಷ್ಟು ಸಣ್ಣ ಫೋಟೋದಲ್ಲಿ ಮಗಳ ನಗುಮುಖ ಬಿಟ್ಟು ಬೇರೇನೂ ಅವನಿಗೆ ಕಾಣಲಿಲ್ಲ.

ಸಂಜೆಯ ಹೊತ್ತಿಗೆ ಓಬಕ್ಕಜ್ಜಿ ನೋಡಲು ಬಂದಳು. ತಿರುವಿಗೆ ಬಂದವಳು ಗಕ್ಕನೆ ನಿಂತಳು.

"ಅಯ್ಯಯ್ಯೋ! ಲಕ್ಕಿ ಗಿಡ ಎಲ್ಲೇ?"

"ಕಸ ಅಂತ ಕಿತ್ತಾಕ್ದೆ ಅಜ್ಜಿ."

"ಕಸಾನಾ? ದಂಡೇನ ಬೋಳು ಮಾಡ್ಬುಟ್ಟಿದೀಯಲ್ಲೇ! ಆ ಬೇರಲ್ವೇನೇ ಮಣ್ಣು ಹಿಡ್ಕೊಂಡಿದ್ದು? ಅಂಚು ಕಿತ್ತ ಸೀರೆ ಎಷ್ಟು ದಿನ ತಡೀತದೆ?"

ಬೋರಪ್ಪ ತನ್ನ ಹೊಲದಿಂದ ಓಡಿಬಂದ. ದಂಡೆ ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡ.

"ನೀರು ಬಂದು ತಿರುವಿಗೇ ಗುದ್ದೋದು ಕಣಕ್ಕ! ದಂಡೆ ಒಡೆದ್ರೆ ನೀರೆಲ್ಲ ನನ್ನ ಹೊಲಕ್ಕೆ. ನನ್ನ ಬೆಳೇನೂ ಇಲ್ಲ, ಕೆರೆಗೆ ನೀರೂ ಇಲ್ಲ. ಇವರ ಮನೆ ಹೆಸರು ಬಿಟ್ಬುಡು ಈ ಸಲ."

ಅಜ್ಜಿ ಆಕಾಶ ನೋಡಿದಳು. ಬ್ರಹ್ಮಸಮುದ್ರದ ಕಡೆ ಮೋಡ ಕಪ್ಪಾಗಿತ್ತು.

"ಕಿತ್ತೋರೇ ನೆಡ್ಬೇಕು," ಎಂದಳು. "ದಂಡೆ ನಿಂತ್ರೆ ಹೆಸರು ಕೂಗ್ತೀನಿ. ನಿಲ್ದಿದ್ರೆ ನಾನೇನ್ ಮಾಡ್ಲಿ ಮಗ?"

ಅಜ್ಜಿ ಹೋದ ಮೇಲೆ ವೇಣಿಯ ಕಣ್ಣಿಂದ ನೀರು ಇಳಿಯಿತು. ಅಳಲಿ ಬಿಡಿ, ಓಡಲಿಲ್ಲವಲ್ಲ. ಮಣ್ಣಿನ ಕೈಯಲ್ಲೇ ಮುಖ ಒರೆಸಿಕೊಂಡು ರಾಶಿಯಿಂದ ಹಸಿಯಾಗಿದ್ದ ಲಕ್ಕಿಗಳನ್ನು ಆರಿಸಿದಳು. ಗುಂಡಿ ತೋಡಿ ನೆಟ್ಟಳು. ಗಿಡ ವಾಲಿತು. ಮತ್ತೆ ನೆಟ್ಟಳು. ಮತ್ತೆ ವಾಲಿತು. ಬುಡಕ್ಕೆ ಇಡಲು ಒಂದು ಕಲ್ಲು ಉರುಳಿಸಲು ಹೋದರೆ ಅದು ಅಲ್ಲಾಡಲೇ ಇಲ್ಲ. ಸಣ್ಣ ಕಲ್ಲು ಎತ್ತಿದರೆ ಬೆರಳ ಮೇಲೇ ಬಿತ್ತು.

ಬೋರಪ್ಪ ತನ್ನ ಪಾಲಿನ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಎಲೆಅಡಿಕೆ ಜಗಿಯುತ್ತಿದ್ದ. ಮೋಡ ನೋಡುತ್ತಿದ್ದ, ಹೊಲ ನೋಡುತ್ತಿದ್ದ, ವೇಣಿಯನ್ನು ನೋಡುತ್ತಿದ್ದ. ಬಾಯಿ ಮಾತ್ರ ಬಿಡಲಿಲ್ಲ.

ದೂರದಲ್ಲಿ ಗುಡುಗಿತು. ವೇಣಿ ಬೆರಳು ಚೀಪುತ್ತ ನಿಂತಳು. ಅವನನ್ನು ಕೇಳುವುದೇ? ಎಲ್ಲರ ಮುಂದೆ ನಗಾಡಿದವನನ್ನು? ಕೇಳದಿದ್ದರೆ ದಂಡೆ ಹೋಗುತ್ತದೆ. ಕಲ್ಲು ಉರುಳಿಸುವುದಕ್ಕಿಂತ ಬಾಯಿ ತೆರೆಯುವುದೇ ಕಷ್ಟವಾಯಿತು.

"ಮಾವಾ... ಒಸಿ ಕೈ ಕೊಡ್ತೀಯಾ?"

ಬೋರಪ್ಪ ಚಂಗನೆ ಎದ್ದ. "ಆಗ್ಲಿಂದ ಇದಕ್ಕೇ ಕಾಯ್ತಾ ಇದೀನಿ ಕಣಮ್ಮ! ಕೇಳ್ತಾಳೋ ಇಲ್ವೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಪದ ಪದ, ನಡಿ ಬೇಗ!"

ಗಿಡವನ್ನು ನೆಟ್ಟಗೆ ನೆಡಬಾರದು, ನೀರು ಬರುವ ಕಡೆಗೆ ಓರೆಯಾಗಿ ನೆಡಬೇಕು ಎಂದು ಅವನು ತೋರಿಸಿದ. ಎರಡು ಗಿಡದ ನಡುವೆ ಕಲ್ಲು. ಕಲ್ಲಿನ ಸಂದಿಗೆ ಗರಿಕೆಯ ಹೆಂಟೆ, ಬೇರು ಮಣ್ಣು ಎಲ್ಲ ಸೇರಿ. ಅವನು ಕಲ್ಲು ಹೊತ್ತ, ವೇಣಿ ಹೆಂಟೆ ಹೊತ್ತಳು. ಮೊದಲ ಹನಿ ಬಿದ್ದಾಗಲೂ ಇಬ್ಬರೂ ಮಣ್ಣು ತುಳಿಯುತ್ತಿದ್ದರು.

ಆ ರಾತ್ರಿ ಮಳೆ ಹುಯ್ಯಿತು. ಬೆಳಗಾಗುತ್ತಲೇ ಊರಲ್ಲೆಲ್ಲ ಗದ್ದಲ.

"ಕಾಲುವೆ ಬಂತು! ಕಾಲುವೆ ಬಂತು!"

ಎಲ್ಲರೂ ಏರಿಯ ಕಡೆ ಓಡಿದರು. ಅಮ್ಮ ವೇಣಿಯ ಕೈಗೆ ಒಂದು ಹಿಡಿ ಹುರುಳಿ ಕೊಟ್ಟು, "ನಡಿ, ಜೋರಾಗಿ ಕೂಗ್ಬೇಕು," ಎಂದಳು. ಅಮ್ಮನ ಮುಖ ಅರಳಿತ್ತು.

"ನೀನು ನಡೀತಾ ಇರಮ್ಮ, ದಂಡೆ ನೋಡ್ಕೊಂಡು ಬತ್ತೀನಿ," ಎಂದು ವೇಣಿ ತಿರುವಿಗೆ ಓಡಿದಳು.

ಕೆಂಪು ನೀರು ನುಗ್ಗುತ್ತಿತ್ತು. ಬೋರಪ್ಪ ಆಗಲೇ ದಂಡೆಗೆ ಎದೆಯೊಡ್ಡಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಲಕ್ಕಿ ಗಿಡಗಳು ಬಾಗಿದ್ದವು, ಕಿತ್ತುಬಂದಿರಲಿಲ್ಲ. ಆದರೆ ಒಂದು ಕಡೆ ಮಣ್ಣು ಚೂರುಚೂರೇ ಕುಸಿಯುತ್ತಿತ್ತು.

"ಹೆಂಟೆ ಕೊಡಮ್ಮ! ನೀರಿಗೆ ಇಳೀಬ್ಯಾಡ, ಮೇಲಿಂದಲೇ ಕೊಡು!"

ವೇಣಿ ಕೊಡುತ್ತಾ ಹೋದಳು. ಅವನು ಇಟ್ಟು ತುಳಿದ. ಅಷ್ಟರಲ್ಲಿ ಏರಿಯ ಕಡೆಯಿಂದ ಓಬಕ್ಕಜ್ಜಿಯ ದನಿ ಕೇಳಿಸಿತು. ಮನೆಗಳ ಹೆಸರು ಶುರುವಾಗಿತ್ತು. ಬೋರಪ್ಪನ ಹೆಸರು ಬಂತು. ಅವನು ತಲೆ ಎತ್ತಲಿಲ್ಲ.

"ಪಾಪಯ್ಯನ ಮನೇ!"

ಅಜ್ಜಿ ಕೂಗಿದಳು! ಇಲ್ಲಿಂದ ಓಗೊಟ್ಟರೆ ಅಲ್ಲಿಗೆ ಕೇಳಿಸದು. ಗಾಳಿ ಏರಿಯ ಕಡೆಯಿಂದ ಬೀಸುತ್ತಿತ್ತು, ನೀರಿನ ಸದ್ದೂ ಅಷ್ಟಿತ್ತು.

"ಪಾಪಯ್ಯನ ಮನೇ!"

"ಓಡಮ್ಮ, ಇನ್ನೊಂದ್ಸಲ ಕೂಗ್ತಾಳೆ," ಎಂದ ಬೋರಪ್ಪ. "ನಾನಿದೀನಲ್ಲ ಇಲ್ಲಿ."

ವೇಣಿ ಏರಿಯ ಕಡೆ ನೋಡಿದಳು. ಅಮ್ಮ ಅಲ್ಲೆಲ್ಲೋ ಕತ್ತು ಉದ್ದ ಮಾಡಿ ತನ್ನನ್ನು ಹುಡುಕುತ್ತಿರುತ್ತಾಳೆ. ಇಲ್ಲಿ ಅವನ ಕಾಲಬಳಿ ಮತ್ತೊಂದು ಹಿಡಿ ಮಣ್ಣು ಜಾರಿತು.

"ಒಬ್ಬರಿಗೇ ಆಗಲ್ಲ ಮಾವ."

ಮೂರನೇ ಸಲವೂ ಕೂಗಿದರು. ಆಮೇಲೆ ಬೇರೆ ಮನೆಯ ಹೆಸರು ಬಂತು. ವೇಣಿಯ ಕಣ್ಣು ತುಂಬಿತು. ಅವಳು ಹೆಂಟೆ ಕೊಡುವುದನ್ನು ಬಿಡಲಿಲ್ಲ.

ಕುಸಿಯುತ್ತಿದ್ದ ಜಾಗ ನಿಂತಿತು. ನೀರು ಬಂದು ತಿರುವಿಗೆ ಗುದ್ದಿತು, ಗಿಡಗಳನ್ನು ಅಲ್ಲಾಡಿಸಿತು, ತಿರುಗಿ ಮುಂದಕ್ಕೆ ಹರಿಯಿತು.

"ಇನ್ನು ಕೂಗಲ್ಲ ಕಣಮ್ಮ," ಎಂದ ಬೋರಪ್ಪ ಮೆಲ್ಲಗೆ.

"ನೀರು ಕೆರೆಗೆ ಹೋಯ್ತಾ ಐತಲ್ಲ ಮಾವ," ಎಂದಳು ವೇಣಿ. ಇನ್ನೊಂದು ಹೆಂಟೆ ಎತ್ತಿ ಅವನ ಕೈಗೆ ಕೊಟ್ಟಳು.