ಆವಕ ನಂಬರ್ ಇನ್ನೂರ ಹದಿನಾಲ್ಕು

"ಮೊದ್ಲ ನನ್ನ ಖುರ್ಚಿ ಬಿಟ್ಟು ಏಳ್ರಿ!"

ವೆಂಕೋಬ ಬೆಚ್ಚಿ ತಿರುಗಿದ. ಬಾಗಿಲಲ್ಲಿ ಬುತ್ತಿ ಡಬ್ಬಿ ಹಿಡಿದು ನಿಂತಿದ್ದಳು ಅಮರಮ್ಮ, ಬೀಜದ ಕಂಪನಿಯ ಮಸ್ಕಿ ಆಫೀಸಿನ ಟೈಪಿಸ್ಟ್. ಕಣ್ಣಲ್ಲಿ ಕೆಂಡ!

"ಸಿಂಧನೂರು ಹೆಡ್ಡಾಫೀಸಿನಿಂದ ಬಂದೀನ್ರಿ, ಇ-ಮೇಲ್ ಕೂಡ್ಸಾಕ," ಎಂದ ಎದ್ದು ನಿಂತು. "ಇನ್ನ ಸಿಂಧನೂರು, ಮಸ್ಕಿ, ಲಿಂಗಸುಗೂರು... ನಮ್ಮ ಯಾವ ಆಫೀಸಿನ್ಯಾಗ ಯಾವ ಕಂಪ್ಯೂಟರ್ ಮುಂದ ಕುಂತ್ರೂ ನಿಮ್ಮ ಪತ್ರ ನೀವು ಓದಬೌದು. ಹೆಸರು, ಪಾಸ್‌ವರ್ಡ್ ಹಾಕಿದ್ರ ಸಾಕು. ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬ್ಯಾಡ್ರಿ. ನನಗೂ!"

ಆ 'ನನಗೂ' ಅನ್ನುವಾಗ ಅವನು ನಕ್ಕ ರೀತಿಗೆ ಅಮರಮ್ಮನ ಸಿಟ್ಟು ಎಲ್ಲಿ ಹೋಯಿತೋ!

ಅದು ೧೯೯೯ರ ಬೇಸಿಗೆ. ಅವನು ಮಸ್ಕಿಯಲ್ಲಿದ್ದದ್ದು ನಾಲ್ಕೇ ದಿನ. ಎರಡನೇ ದಿನದಿಂದ ಅವಳ ಬುತ್ತಿಯಲ್ಲಿ ಅವನಿಗೆಂದು ಎರಡು ರೊಟ್ಟಿ ಹೆಚ್ಚಿಗೆ ಇದ್ದವು.

ಅವನು ಹೋದ ಮರುದಿನವೇ ಮ್ಯಾನೇಜರ್ ಕರಿಬಸಪ್ಪನವರು ತಮ್ಮ ಹಳೇ ಪದ್ಧತಿ ಹೊರಗೆ ತೆಗೆದರು. "ಒಳಗ ಬಂದ ಟಪಾಲು ಅಂದ ಮ್ಯಾಲೆ ಆವಕ ರಿಜಿಸ್ಟರಿಗೆ ಏರಬೇಕು!" ಎಲ್ಲರ ಪಾಸ್‌ವರ್ಡೂ ಬರೆಸಿಕೊಂಡರು. ಬೆಳಗಾದರೆ ಜವಾನ ಇಮಾಮ್‌ಸಾಬ್ ಎಲ್ಲರ ಮೇಲ್ ತೆಗೆದು, ಪ್ರಿಂಟ್ ಹೊಡೆದು, ಆಫೀಸಿನ ಮುದ್ರೆಯ ಶಿಕ್ಕಾ ಒತ್ತಿ, ನಂಬರ್ ಹಾಕಿ ಹಂಚಬೇಕು. ಕಂಪನಿ ಕಾಗದದಲ್ಲಿ ಮುಚ್ಚುವುದೇನಿದೆ ಎಂದು ಅಮರಮ್ಮನೂ ಕೊಟ್ಟುಬಿಟ್ಟಳು.

ಎರಡು ವಾರದ ಮೇಲೆ ಇಮಾಮ್‌ಸಾಬ್ ಒಂದು ಹಾಳೆ ಅವಳ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ಹೋದ. ಆವಕ ನಂಬರ್ ೨೧೪. ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ.

'ಅಮರಮ್ಮನವರ, ನನ್ನ ಮದುವಿ ಆಗ್ತೀರೇನ್ರಿ? ಹೂಂ ಅಂದ್ರ ಭಾನುವಾರ ನಮ್ಮವ್ವನ್ನ ಕರ್ಕೊಂಡು ಬರ್ತೀನಿ. ವೆಂಕೋಬ.'

ಎದೆ ಹಿಗ್ಗಬೇಕಿತ್ತು. ಅಷ್ಟರಲ್ಲಿ ಹಿಂದೆ ಯಾರೋ ಕಿಸಕ್ಕೆಂದರು! ಆಫೀಸಿಗೆ ಆಫೀಸೇ ಓದಿ ಮುಗಿಸಿತ್ತು.

'ಇ-ಮೇಲ್ ಕೂಡಿಸಿದ ಹೆಡ್ಡಾಫೀಸಿನವನಿಗೆ ಇಲ್ಲಿಯ ಹೊಸ ಪದ್ಧತಿ ಗೊತ್ತಾಗದೆ ಇರುತ್ತದೆಯೇ? ಬೇಕೆಂದೇ ನನ್ನನ್ನು ನಗೆಗೀಡು ಮಾಡಿದ...'

ರಜೆ ಚೀಟಿ ಬರೆದಿಟ್ಟು ಸಿಂಧನೂರಿನ ಬಸ್ಸು ಹತ್ತಿದಳು.

"ಇದೇನ್ರಿ ನಿಮ್ಮ ಮರ್ಯಾದಿ?" ಎಂದು ಹೆಡ್ಡಾಫೀಸಿನಲ್ಲಿ ವೆಂಕೋಬನ ಮೇಜಿಗೆ ಹಾಳೆ ಬಡಿದಳು.

ಅವನು ಹಾಳೆ ಕೈಗೆತ್ತಿಕೊಂಡ. "ನನ್ನ ಪತ್ರಕ್ಕ ಶಿಕ್ಕಾ ಯಾರು ಹೊಡದ್ರು? ನಿಮಗೊಬ್ಬರಿಗೇ ಬರದಿದ್ದೆನಲ್ರಿ!"

ಅವಳು ರಿಜಿಸ್ಟರಿನ ಕತೆ ಹೇಳಿದಳು. ಹೇಳುತ್ತ ಹೇಳುತ್ತ ದನಿ ಇಳಿಯಿತು. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ ಎಂದಿದ್ದ. ಬರೆದು ಕೊಟ್ಟವಳು ತಾನೇ!

"ನಂದೂ ತಪ್ಪೈತ್ರಿ," ಎಂದ ಅವನು. "ಎದುರಿಗೆ ಕೇಳಾಕ ಧೈರ್ಯ ಸಾಲಲಿಲ್ಲ."

ಅಮರಮ್ಮ ಪಕ್ಕದ ಖಾಲಿ ಕಂಪ್ಯೂಟರಿಗೆ ಹೋಗಿ ಕುಳಿತಳು. ಮಸ್ಕಿಯ ತನ್ನ ಪತ್ರಗಳೆಲ್ಲ ಅಲ್ಲೇ ಕಣ್ಣೆದುರು! ಮೊದಲು ಪಾಸ್‌ವರ್ಡ್ ಬದಲಿಸಿದಳು. ಆಮೇಲೆ ಎರಡು ಸಾಲು ಕುಟ್ಟಿದಳು.

"ಉತ್ತರ ಕಳ್ಸೀನಿ. ನಾಳೆ ಓದ್ರಿ."

"ನಾಳೆ ನಾ ಲಿಂಗಸುಗೂರಿನ್ಯಾಗ ಇರ್ತೀನಲ್ರಿ..."

"ಎಲ್ಲಿ ಕುಂತ್ರೂ ಓದಬೌದು ಅಂದವ್ರು ನೀವ!"

ಮರುದಿನ ಬೆಳಿಗ್ಗೆ ಕರಿಬಸಪ್ಪನವರು ರಿಜಿಸ್ಟರ್ ಹಿಡಿದು ಬಂದರು. "ನಿನ್ನ ಪಾಸ್‌ವರ್ಡ್ ನಡೀವಲ್ದಂತ. ಹೊಸದು ಬರೀ."

"ಕಂಪನಿ ಪತ್ರ ಎಲ್ಲಾ ನಾನ ತಗದು ಕೊಡ್ತೀನ್ರಿ ಸಾಹೇಬ್ರ. ಪಾಸ್‌ವರ್ಡ್ ಕೊಡಂಗಿಲ್ಲ."

"ಲಿಂಗಸುಗೂರಿಗೆ ವರ್ಗಾ ಮಾಡಸ್ತೀನಿ ನೋಡು!"

"ಮಾಡಸ್ರಿ. ಅಲ್ಲಿ ಕುಂತೂ ನನ್ನ ಮೇಲ್ ನಾನ ತಗೀತೀನಿ!"

ಇಮಾಮ್‌ಸಾಬ್ ಶಿಕ್ಕಾದ ಡಬ್ಬಿ ಮುಚ್ಚಿಟ್ಟ. "ಹುಡುಗಿ ಹೇಳೂದು ಖರೇ ಐತ್ರಿ ಸಾಹೇಬ್ರ. ಆ ಕಾಗದ ಓದಿದಾಗಿಂದ ನನಗ ಊಟ ಸೇರವಲ್ದು."

ಕರಿಬಸಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಎತ್ತಿದರು, ಹುಬ್ಬು ಗಂಟಿಕ್ಕಿದರು. "ಲಿಂಗಸುಗೂರಿನಿಂದ. ನಿನಗ."

"ಈಗ ಓದಿದೆನ್ರಿ..." ವೆಂಕೋಬನ ದನಿ. "ಖರೇನ? ಅಲ್ಲಿ ಎಲ್ಲಾರೂ ಅದಾರೇನು? ಹಂಗಾರ ಆಮ್ಯಾಲೆ ಹೇಳ್ರಿ."

ಎಲ್ಲರೂ ಇದ್ದರು. ಎಲ್ಲರ ಕಿವಿಯೂ ಇತ್ತಲೇ ಇತ್ತು. ನಿನ್ನೆ ತನ್ನನ್ನು ಕೇಳದೆ ಓದಿದ್ದರು. ಇವತ್ತು ತಾನಾಗಿಯೇ ಕೇಳಿಸುತ್ತೇನೆ ಎಂದುಕೊಂಡಳು ಅಮರಮ್ಮ. ದನಿ ಎತ್ತಿಯೇ ಹೇಳಿದಳು.

"ಹೂಂ ರೀ, ಖರೇನ! ಭಾನುವಾರ ಅವ್ವನ್ನ ಕರ್ಕೊಂಡು ಬರ್ರಿ!"

ಆ ಕಡೆ ವೆಂಕೋಬ ಜೋರಾಗಿ ನಕ್ಕ. ಆಮೇಲೆ ಮೆಲ್ಲಗೆ...

"ಅಮರಾ, ಹೊಸಾ ಪಾಸ್‌ವರ್ಡ್ ಏನಿಟ್ಟೀ?"

ಕಣ್ಣೊರೆಸಿಕೊಂಡು ನಕ್ಕಳು ಅಮರಮ್ಮ.

"ಹೇಳಂಗಿಲ್ಲ. ನಿಮಗೂ!"