ಅರ್ಧ ನಿಮಿಷ ತಡವಾದ ಗೋಲು

ರೈಲು ಬಂತು, ಜನ ಇಳಿದರು, ಪ್ಲಾಟ್‌ಫಾರಂ ಖಾಲಿಯಾಯಿತು. ಅಜ್ಜ ಮಾತ್ರ ಇಳಿಯಲಿಲ್ಲ.

ತಂಡದ ಡಾಕ್ಟರಿಂದ ಎರವಲು ತಂದ ವೀಲ್‌ಚೇರ್ ಹಿಡಿದು ಅವಳು ನಿಂತಿದ್ದಳು. ಅದರ ಮೇಲೊಂದು ದಿಂಬು, ಮೊಣಕಾಲಿಗೆ ಹೊದಿಸಲು ತಂಡದ ಹಳದಿ ಬಣ್ಣದ ಶಾಲು.

ವಾರವೆಲ್ಲ ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ಶನಿವಾರ ಮಾತ್ರ ಊರಿನ ಫುಟ್‌ಬಾಲ್ ತಂಡದ ಪಂದ್ಯಕ್ಕೆ ಇಂಟರ್ನೆಟ್‌ನಲ್ಲಿ ಕಾಮೆಂಟರಿ ಹೇಳುತ್ತಾಳೆ. ಕೇಳುಗರು ಕರೆಯುವುದು ಕನ್ನಡಕದಕ್ಕ ಎಂದೇ. ಆ ಕೇಳುಗರಲ್ಲಿ ಒಬ್ಬರೇ ಸಮುದ್ರದಾಚೆಯವರು. ಮೂರು ಸೀಸನ್ ಹಿಂದೆ ಅವರ ಮೊದಲ ಮೆಸೇಜ್ ಬಂದಿತ್ತು: 'ಮಂಡಿ ನೋವು. ಮೆಟ್ಟಿಲು ಹತ್ತಲಾರೆ. ಇಲ್ಲಿ ನಮ್ಮ ಭಾಷೆ ಆಡುವವರೂ ಇಲ್ಲ. ನಿಮ್ಮ ಕಾಮೆಂಟರಿಯೇ ಜತೆ.' ಪಂದ್ಯದ ನಡುವೆ ಅದನ್ನು ಓದಿ ಅವಳು, 'ಬೇಗ ಗುಣವಾಗಿ ಅಜ್ಜಾ' ಎಂದಿದ್ದಳು. ಅಂದಿನಿಂದ ಕೇಳುಗರೆಲ್ಲರಿಗೂ ಅವರು ಅಜ್ಜ.

ಅವಳಿಗೆ ಅದಕ್ಕಿಂತ ಹೆಚ್ಚು. ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ಅವಳು ಅಜ್ಜನಿಗೆ ಬರೆಯುತ್ತಿದ್ದಳು. ಕಳೆದ ತಿಂಗಳು ಅಣ್ಣ ತಂದ ಸಂಬಂಧದ ವಿಷಯವನ್ನೂ ಬರೆದಿದ್ದಳು. ಹುಡುಗ ಒಳ್ಳೆಯವನು, ಆದರೆ ಮದುವೆಯಾದ ಮೇಲೆ ಮೈಕ್ ಬಿಡಬೇಕಂತೆ, ಏನು ಮಾಡಲಿ? ಅಜ್ಜನ ಉತ್ತರ ಒಂದೇ ಸಾಲು: 'ಈ ವಿಷಯದಲ್ಲಿ ನಾನು ಏನೂ ಹೇಳಬಾರದು.'

ನಾಳೆ ಹುಡುಗನ ಮನೆಗೆ ಅಣ್ಣ ಉತ್ತರ ಹೇಳಬೇಕಿತ್ತು. ಇಂದಿನ ಪಂದ್ಯ ನೋಡಲು ಅಜ್ಜ ಹೇಗೂ ಬರುತ್ತಾರೆ, ಎದುರಿಗೆ ಕೂರಿಸಿಕೊಂಡು ಕೇಳೋಣ ಎಂದುಕೊಂಡಿದ್ದಳು.

ಪ್ಲಾಟ್‌ಫಾರಂನಲ್ಲಿ ಈಗ ಉಳಿದಿದ್ದವನು ಬೆನ್ನಿಗೆ ಬ್ಯಾಗು ಹಾಕಿದ ಒಬ್ಬ ಯುವಕ.

"ಏನ್ರೀ, ನಿಮ್ಮ ಬೋಗೀಲಿ ವಯಸ್ಸಾದೋರು ಯಾರಾದ್ರೂ ಇದ್ರಾ? ಮಂಡಿ ನೋವಿನವರು. ಪಾಪ, ಇಳಿಯೋಕಾಗ್ದೆ ಅಲ್ಲೇ ಕೂತ್ಬಿಟ್ರೋ ಏನೋ."

ಅವನು ಮೊದಲು ಅವಳ ಮುಖ ನೋಡಲಿಲ್ಲ. ತಲೆ ಓರೆ ಮಾಡಿ ಅವಳ ಧ್ವನಿಯನ್ನು ಕೇಳಿದ. ಆಮೇಲೆ ವೀಲ್‌ಚೇರ್ ನೋಡಿದ, ದಿಂಬು ನೋಡಿದ, ಶಾಲು ನೋಡಿದ. ಅವನ ಕಿವಿಗಳು ಕೆಂಪಾದವು.

"ಕನ್ನಡಕದಕ್ಕ ಅಲ್ವಾ? ಆ ಅಜ್ಜ... ನಾನೇ."

ಅವಳು ವೀಲ್‌ಚೇರಿನ ಹಿಡಿ ಬಿಡಲಿಲ್ಲ. "ತಮಾಷೆ ಮಾಡ್ಬೇಡಿ. ಮಂಡಿ ನೋವು ಅಂದಿದ್ರು ಅವರು."

"ಆಪರೇಷನ್ ಆಗಿತ್ತು. ಫುಟ್‌ಬಾಲ್ ಆಡೋಕೆ ಹೋಗಿ ಮುರ್ಕೊಂಡಿದ್ದೆ."

"ಹೇಳ್ಬಹುದಿತ್ತಲ್ಲ!"

"ಹೇಳ್ದೆನಲ್ಲ. ನಂಗಿನ್ನೂ ಮೂವತ್ತೆರಡು ಅಂತ ಬರೆದೆ. ನೀವು ಮೈಕ್‌ನಲ್ಲೇ ಓದಿ, 'ನಮ್ಮಜ್ಜನ ಮನಸ್ಸಿಗೆ ಇನ್ನೂ ಮೂವತ್ತೆರಡಂತೆ' ಅಂತ ನಕ್ರಿ. ಎಲ್ಲರೂ ನಕ್ರು."

ಅದು ಅವಳಿಗೆ ನೆನಪಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಆಮೇಲಾದ್ರೂ ಹೇಳ್ಬೇಕಿತ್ತು."

"ಆಮೇಲೆ ನೀವು ಅಜ್ಜನಿಗೆ ಬರೆಯೋಕೆ ಶುರು ಮಾಡಿದ್ರಿ." ಅವನು ನೆಲ ನೋಡಿದ. "ಅಜ್ಜ ಅಲ್ಲ ಅಂತ ಗೊತ್ತಾಗಿದ್ರೆ ನಂಗ್ಯಾಕೆ ಬರೀತಿದ್ರಿ?"

ತಾನು ಬರೆದದ್ದೆಲ್ಲ ಒಂದೊಂದಾಗಿ ನೆನಪಾಗಿ ಅವಳ ಮುಖ ಬಿಸಿಯಾಯಿತು. ಅಜ್ಜನಿಗೆಂದು ತಂದಿದ್ದ ಪಂದ್ಯದ ಟಿಕೆಟನ್ನು ಅವನ ಕೈಗಿಟ್ಟಳು. ವೀಲ್‌ಚೇರನ್ನು ಅವನತ್ತ ತಳ್ಳಿದಳು.

"ಇದು ಡಾಕ್ಟರದ್ದು. ಗ್ರೌಂಡಿಗೆ ನೀವೇ ತನ್ನಿ. ಅಷ್ಟು ದೂರದಿಂದ ಬಂದಿದೀರ, ಪಂದ್ಯ ನೋಡ್ಕೊಂಡು ಹೋಗಿ."

ಕಾಮೆಂಟರಿ ಕೋಣೆಯೆಂದರೆ ಗ್ಯಾಲರಿಯ ತಗಡಿನ ಚಾವಣಿಯ ಕೆಳಗಿನ ಒಂದು ಗೂಡು. ಎರಡು ಕುರ್ಚಿ, ಒಂದು ಕಿಟಕಿ, ವೈರುಗಳ ಗೋಜಲು. ಧ್ವನಿಯ ಗುಂಡಿಗಳನ್ನು ನೋಡಿಕೊಳ್ಳುವವನು ಅಣ್ಣ. ಸುದ್ದಿ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕ.

"ಊರಿಗೆಲ್ಲ ಕನ್ನಡಕ ಹಾಕ್ತೀಯ, ನಿನ್ನ ಕಣ್ಣಿಗೇ ಪೊರೆ!"

"ಸುಮ್ನಿರೋ ಅಣ್ಣ."

"ಅಲ್ಲ ಕಣೇ, ಆ ದಿಂಬು ನನ್ನ ದುಡ್ಡಲ್ಲಿ ತಂದಿದ್ದು."

ಪಂದ್ಯ ಶುರುವಾಯಿತು. ಎದುರಿನ ಗ್ಯಾಲರಿಯ ಮೊದಲ ಸಾಲಿನಲ್ಲಿ ವೀಲ್‌ಚೇರ್‌ಗೆಂದು ಬಿಟ್ಟ ಜಾಗದಲ್ಲಿ ಆ ಯುವಕ ಬೆಂಚಿನ ತುದಿಗೆ ಕೂತಿದ್ದ. ಪಕ್ಕದಲ್ಲಿ ಖಾಲಿ ಗಾಲಿಕುರ್ಚಿ. ನೋಡಬಾರದು ಎಂದುಕೊಂಡಷ್ಟೂ ಅವಳ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮಾತು ಎರಡು ಸಲ ತೊದಲಿತು. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಅವನು ಕಲ್ಲಿನಂತೆ ಕೂತಿದ್ದ.

"ಎದುರಿಗೇ ಆಟ ನಡೀತಿದೆ, ಆ ಪುಣ್ಯಾತ್ಮ ಏನು ಕೇಳ್ತಿದಾನೆ?" ಎಂದ ಅಣ್ಣ.

ಅವಳು ಮೈಕಿನತ್ತ ಬಾಗಿ ಆಟದ ಮಾತು ಮುಂದುವರಿಸಿದಳು.

ವಿರಾಮ ಕಳೆದು ಸ್ವಲ್ಪ ಹೊತ್ತಿಗೆ ಊರಿನ ತಂಡದ ಕುಳ್ಳ ಆಟಗಾರ ಎಡಗಡೆಯಿಂದ ಚೆಂಡು ತಂದ. ಇಬ್ಬರನ್ನು ದಾಟಿದ. ಗೋಲ್‌ಕೀಪರ್ ಮುಂದೆ ಬಂದ. ಚೆಂಡು ಅವನ ಕಾಲಿನಡಿ ನುಸುಳಿ ಬಲೆ ಸೇರಿತು. ಅವಳು ಕಿರುಚಿದಳು. ಎರಡೂ ಗ್ಯಾಲರಿಗಳು ಎದ್ದು ನಿಂತವು.

ಅವನು ಏಳಲಿಲ್ಲ.

ಸಮುದ್ರ ದಾಟಿ ಬಂದವನ ಕಣ್ಣೆದುರೇ ಗೋಲು ಬಿದ್ದಿದೆ, ಅವನು ಅಲ್ಲಾಡಲಿಲ್ಲ. ಅಷ್ಟು ನೋಯಿಸಿದೆನೇ?

ಜನ ಕುಣಿದರು, ತಬ್ಬಿಕೊಂಡರು, ಕೂತರು. ಎದುರಾಳಿಗಳು ಚೆಂಡನ್ನು ನಡುವಿಗೆ ತಂದಿಟ್ಟರು. ಆಗ ಆ ಇಡೀ ಗ್ಯಾಲರಿಯಲ್ಲಿ ಅವನೊಬ್ಬ ಚಿಮ್ಮಿ ಎದ್ದ. ಹಳದಿ ಶಾಲನ್ನು ಗಾಳಿಯಲ್ಲಿ ಬೀಸುತ್ತ ಕುಣಿದ. ಅಕ್ಕಪಕ್ಕದವರು ತಲೆಕೆಟ್ಟವನನ್ನು ನೋಡುವಂತೆ ನೋಡಿದರು.

"ಎಲ್ಲರ ಕುಣಿತ ಮುಗೀತು, ಇವನದ್ಯಾಕೆ ಈಗ?" ಎಂದ ಅಣ್ಣ.

ಅವಳಿಗೆ ತಿಳಿಯಿತು. ಕಾಮೆಂಟರಿ ಇಂಟರ್ನೆಟ್ ಸುತ್ತಿ ಕೇಳುಗರ ಕಿವಿ ಮುಟ್ಟಲು ಅರ್ಧ ನಿಮಿಷ ಬೇಕು. ಮೈದಾನದೊಳಗೆ ಕೂತವರಿಗೂ ಅಷ್ಟೇ. ಚೆಂಡು ಬಲೆ ಸೇರಿದ್ದನ್ನು ಅವನು ಕಂಡಿದ್ದ. ಆದರೂ ಅವಳು ಹೇಳುವವರೆಗೆ ಕಾದಿದ್ದ.

'ಏನೂ ಹೇಳಬಾರದು.' ಆ ಸಾಲು ಈಗ ಬೇರೆಯದೇ ಆಗಿ ಕೇಳಿಸಿತು. ಸಂಬಂಧ ತಪ್ಪಿಸಲು ಅವನ ಒಂದು ಮಾತು ಸಾಕಿತ್ತು. ಅಜ್ಜನ ಮಾತನ್ನು ಅವಳು ಮೀರುತ್ತಿರಲಿಲ್ಲ. ಅದು ಗೊತ್ತಿದ್ದೇ ಅವನು ಬಾಯಿ ಮುಚ್ಚಿಕೊಂಡಿದ್ದ.

ಅವಳು ಮೈಕನ್ನು ಒಂದು ಕ್ಷಣ ಬಂದ್ ಮಾಡಿದಳು.

"ಅಣ್ಣ, ನಾಳೆ ಅವರಿಗೆ ಬೇಡ ಅಂತ ಹೇಳ್ಬಿಡು. ಮೈಕ್ ಬಿಡೋಕಂತೂ ನಂಗಾಗಲ್ಲ."

ಅಣ್ಣ ಅವಳನ್ನು ನೋಡಿದ, ಎದುರಿನ ಗ್ಯಾಲರಿಯನ್ನು ನೋಡಿದ. "ಬೇಡ ಅನ್ನೋಕೆ ಮೈಕ್ ಒಂದೇ ಕಾರಣಾನಾ?"

"ಸದ್ಯಕ್ಕೆ ಒಂದೇ."

ಮೈಕ್ ಮತ್ತೆ ತೆರೆದಳು.

"ಕೇಳುಗರೇ, ಒಂದು ತಿದ್ದುಪಡಿ. ಮೂರು ಸೀಸನ್‌ನಿಂದ ನಾವು ಅಜ್ಜ ಅಂತ ಕರೀತಿದ್ದವರು ಅಜ್ಜ ಅಲ್ಲ. ತಪ್ಪು ನನ್ನದು. ಅವತ್ತು ಅವರಿಗೆ ನಿಜವಾಗ್ಲೂ ಮೂವತ್ತೆರಡೇ. ಇವತ್ತು ಗ್ರೌಂಡಲ್ಲೇ ಇದಾರೆ. ಪಂದ್ಯ ಮುಗಿದ ಮೇಲೆ ಅವರು ಗೇಟಿನ ಹತ್ರ ಕಾಯ್ಬೇಕು. ಆ ವಿಷಯದಲ್ಲಿ... ಇನ್ಮೇಲೆ ಅವರು ಹೇಳಬಹುದು."

ಅಣ್ಣನ ಕೈ ಗುಂಡಿಯ ಮೇಲೆ ಹಾಗೇ ನಿಂತಿತು.

ಹೇಳಿದ್ದಾಯಿತು, ಇನ್ನು ವಾಪಸು ತರುವಂತಿಲ್ಲ. ಎದುರಾಳಿಗಳು ಚೆಂಡನ್ನು ಹೊರಗೆ ಒದ್ದರು. ಅವಳು ಹಾಗೇ ಹೇಳಿದಳು. ಥ್ರೋ ನಮಗೆ ಸಿಕ್ಕಿತು, ಅದನ್ನೂ ಹೇಳಿದಳು. ಅಲ್ಲಿ ಅವನು ಇನ್ನೂ ಏನೂ ತಿಳಿಯದೆ ಶಾಲು ಮಡಚುತ್ತಿದ್ದ. ಮೂರು ಸೀಸನ್‌ನಲ್ಲಿ ಇಷ್ಟು ಉದ್ದದ ಅರ್ಧ ನಿಮಿಷವನ್ನು ಅವಳು ಕಂಡಿರಲಿಲ್ಲ.

ಮಡಚುತ್ತಿದ್ದ ಕೈ ನಿಂತಿತು. ಅವನು ಇಯರ್‌ಫೋನನ್ನು ಬೆರಳಿನಿಂದ ಕಿವಿಗೆ ಒತ್ತಿಕೊಂಡ. ತಲೆ ಎತ್ತಿ, ತಗಡಿನ ಚಾವಣಿಯ ಕೆಳಗಿನ ಕಿಟಕಿಗಳನ್ನು ಒಂದೊಂದಾಗಿ ಹುಡುಕುತ್ತ ಬಂದು, ಅವಳ ಕಿಟಕಿಯ ಮೇಲೆ ಕಣ್ಣು ನೆಟ್ಟ.

ಆಮೇಲೆ ಖಾಲಿ ವೀಲ್‌ಚೇರಿನಲ್ಲಿ ಗಂಭೀರವಾಗಿ ಕೂತ, ಶಾಲನ್ನು ಮೊಣಕಾಲಿಗೆ ಹೊದ್ದುಕೊಂಡ, ಎರಡೂ ಗಾಲಿ ಹಿಡಿದು ಕೂತಲ್ಲೇ ಒಂದು ಸುತ್ತು ತಿರುಗಿದ.

ಅವಳು ಮೈಕಿನ ಮುಂದೆಯೇ ನಕ್ಕುಬಿಟ್ಟಳು. ಆ ನಗು ಅವನನ್ನು ತಲುಪಲು ಇನ್ನೂ ಅರ್ಧ ನಿಮಿಷವಿತ್ತು.