ಸ್ಟ್ರೆಚರಿನ ಕೆಳತುದಿ

"ನಿಮ್ಮ ತೂಕ ಎಷ್ಟು?"

ಪರಿಚಯದ ಮೊದಲ ಮಾತೇ ಇದು! ನಮಸ್ಕಾರವಿಲ್ಲ, ಹೆಸರು ಕೇಳುವುದಿಲ್ಲ. ಆಂಬುಲೆನ್ಸ್ ನರ್ಸ್ ಆಗಿ ಅವಳಿಗೆ ಅದು ಮೊದಲ ದಿನ. ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟು ನಿಂತಿದೆ. ಸ್ಟ್ರೆಚರಿನ ಮೇಲೆ ಸೊಂಟ ಮುರಿದುಕೊಂಡ ಅಜ್ಜ, ಬಾಗಿಲಲ್ಲಿ ಅವರ ಇಬ್ಬರು ಸೊಸೆಯರು. ಅಂಥಾ ಹೊತ್ತಲ್ಲಿ ಡ್ರೈವರ್ ಅವಳನ್ನು ಕೇಳಿದ್ದು ಇದನ್ನು.

ಸೊಸೆಯರಲ್ಲೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನರ್ಸ್ ಕಿವಿ ಕೆಂಪಾಯಿತು.

"ನಿಮಗ್ಯಾಕೆ ಅದು?"

"ಬೇಕು."

"ಹೇಳಲ್ಲ."

"ಹಾಗಾದ್ರೆ ಮೇಲ್ತುದಿ ಹಿಡ್ಕೊಳ್ಳಿ. ಕೆಳಗೆ ನಾನಿರ್ತೀನಿ."

ಅಷ್ಟೇ. ಆರಡಿ ಎತ್ತರದ ಆ ಮನುಷ್ಯನಿಗೆ ಆಂಬುಲೆನ್ಸ್ ಸ್ಟೇಷನ್ನಿನವರೆಲ್ಲ 'ಕಂಬ' ಅಂತ ಹೆಸರಿಟ್ಟಿದ್ದರು. ಕಂಬದಷ್ಟೇ ಎತ್ತರ, ಕಂಬದಷ್ಟೇ ಮಾತು. ಕಂಬದಷ್ಟೇ ನಯ ನಾಜೂಕು ಅಂತ ಅವಳು ಅವತ್ತೇ ಮನಸ್ಸಿನಲ್ಲಿ ಸೇರಿಸಿಕೊಂಡಳು.

'ದಪ್ಪಗಿದ್ದೀನಿ ಅಂತ ನಾಲ್ಕು ಜನರ ಮುಂದೆ ಹಂಗಿಸ್ತಾನಲ್ಲ... ಇವನಿಗೆ ಅಕ್ಕತಂಗಿಯರು ಯಾರೂ ಇಲ್ವಾ?'

ಮನೆಗೆ ಬಂದರೆ ಅಲ್ಲಿ ಇನ್ನೊಂದು ಪ್ರಹಸನ.

ಅವಳನ್ನು ಸಾಕಿದ್ದು ಚಿಕ್ಕಮ್ಮ. ಸಾಕಿದ್ದನ್ನು ದಿನಕ್ಕೆರಡು ಸಲ ನೆನಪಿಸುತ್ತಿದ್ದವಳೂ ಅವಳೇ. ಚಿಕ್ಕಂದಿನಿಂದ 'ದುಂಡಿ' ಅಂತ ಕರೆದು ಕರೆದು, ನಿಜವಾದ ಹೆಸರು ಚಿಕ್ಕಮ್ಮನಿಗೇ ಮರೆತಿತ್ತೋ ಏನೋ. ಅವತ್ತು ಚಿಕ್ಕಮ್ಮ ಹುಡುಕಿದ ಗಂಡು ತಾಯಿಯ ಜೊತೆ ಬಂದು ಕೂತಿದ್ದ. ಕನ್ನಡಕದ ಅಂಗಡಿ ಇಟ್ಟವನು. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಆ ಮಹಾನುಭಾವ ಇಡೀ ಹೊತ್ತು ಮೊಬೈಲ್ ಬಿಟ್ಟು ಬೇರೇನೂ ನೋಡಲಿಲ್ಲ.

ಅವನ ತಾಯಿ ಉಡುಗೊರೆ ತಂದಿದ್ದಳು. ಕೆಂಪು ರಿಬ್ಬನ್ ಕಟ್ಟಿದ, ಫಳಫಳ ಹೊಳೆಯುವ ಗಾಜಿನ ತೂಕದ ಮಿಷನ್!

"ಐವತ್ತಕ್ಕೆ ಇಳೀಲಮ್ಮ. ಆಮೇಲೆ ಮುಂದಿನ ಮಾತು. ನಾನು ಮದುವೆ ಆದಾಗ ಸರಿಯಾಗಿ ಐವತ್ತಿದ್ದೆ."

ಆಕೆ ಎದ್ದು ನಿಂತರೆ ನರ್ಸ್ ಭುಜಕ್ಕೆ ಬರುತ್ತಿದ್ದಳು. ಆ ಎತ್ತರದ ತೂಕವನ್ನು ಈ ಎತ್ತರಕ್ಕೆ ತೊಡಿಸಲು ಹೊರಟಿದ್ದಳು ಪುಣ್ಯಾತ್ಗಿತ್ತಿ. ಚಿಕ್ಕಮ್ಮನೋ, ತಲೆ ಆಡಿಸಿದ್ದೇ ಆಡಿಸಿದ್ದು.

ಮಿಷನ್ ಎಪ್ಪತ್ತೆಂಟು ತೋರಿಸಿತು. ಕನ್ನಡಕದವನ ಮೇಲೆ ಅವಳಿಗೆ ಕಾಸಿನಷ್ಟೂ ಮೋಹವಿರಲಿಲ್ಲ. ಆದರೆ ಹಟ ಬಂತು.

'ಐವತ್ತು ತಾನೆ? ಆಗ್ತೀನಿ. ಆಗಿ, ಆ ಕಂಬದ ಮುಖಕ್ಕೆ ಹೊಡೆದ ಹಾಗೆ ಹೇಳ್ತೀನಿ...'

ಮೂರು ತಿಂಗಳಿಗೆ ಮೆಟ್ಟಿಲು ಪರೀಕ್ಷೆ ಇತ್ತು. ಎಂಬತ್ತು ಕೆಜಿಯ ಮರಳಿನ ಗೊಂಬೆಯನ್ನು ಸ್ಟ್ರೆಚರಿಗೆ ಬಿಗಿದು, ಕೆಳತುದಿ ಹಿಡಿದು ನಾಲ್ಕು ಮಹಡಿ ಇಳಿಸಬೇಕು. ಆಗದವರಿಗೆ ಕರೆ ತೆಗೆದುಕೊಳ್ಳುವ ಫೋನ್ ರೂಮು, ಕಾಯಂ. ಗಾಡಿ ಹತ್ತಬೇಕೆಂದು ಐದು ವರ್ಷ ವಾರ್ಡಿನಲ್ಲಿ ಕಾದವಳು ಅವಳು.

ಅದೆಲ್ಲ ಗೊತ್ತಿದ್ದೂ ಊಟ ಬಿಟ್ಟಳು. ಬೆಳಿಗ್ಗೆ ನಿಂಬೆ ನೀರು, ಮಧ್ಯಾಹ್ನ ಅರ್ಧ ಸೌತೆಕಾಯಿ, ಸಂಜೆ ಮೊಬೈಲಿನಲ್ಲಿ ಯಾರೋ ಒಣಕಲಿಯ ಉಪದೇಶ. ರೋಗಿಗಳಿಗೆ ಹೊತ್ತುಹೊತ್ತಿಗೆ ಊಟ ಮಾಡಿ ಅಂತ ಬುದ್ಧಿ ಹೇಳುವ ನರ್ಸಮ್ಮ ತನಗೆ ಹೇಳಿಕೊಳ್ಳುವುದನ್ನು ಮಾತ್ರ ಮರೆತಿದ್ದಳು.

ಎರಡನೇ ತಿಂಗಳಲ್ಲಿ ಗಾಡಿಯ ಅವಳ ಸೀಟಿನ ಮೇಲೆ ದಿನಾ ಎರಡು ಬಾಳೆಹಣ್ಣು, ಒಂದು ಬೇಯಿಸಿದ ಮೊಟ್ಟೆ ಕಾಣಿಸತೊಡಗಿದವು.

"ಇದೇನು?"

"ತಿನ್ನಿ," ಎಂದ ಕಂಬ, ರಸ್ತೆಯಿಂದ ಕಣ್ಣು ತೆಗೆಯದೆ.

"ದಪ್ಪಗಿರೋರು ಸಿಕ್ಕಿದ್ದೆಲ್ಲ ತಿಂತಾರೆ ಅಂತಾನಾ?"

ಅವನು ಗೇರ್ ಬದಲಿಸಿದ. ಅವಳು ಎಲ್ಲವನ್ನೂ ಗೇಟಿನ ವಾಚ್‌ಮನ್‌ಗೆ ಕೊಟ್ಟಳು. ಒಂದೇ ತಿಂಗಳಲ್ಲಿ ವಾಚ್‌ಮನ್ ಕೆನ್ನೆ ತುಂಬಿಕೊಂಡ!

ಮಿಷನ್ ಅರವತ್ತಮೂರು ತೋರಿಸಿದ ದಿನವೇ ಆಗಬಾರದ್ದು ಆಯಿತು.

ಎರಡನೇ ಮಹಡಿಯ ತಿರುವು. ಸ್ಟ್ರೆಚರಿನ ಮೇಲೆ ತುಂಬು ಗರ್ಭಿಣಿ. ನರ್ಸ್ ಕಣ್ಣಿಗೆ ಕತ್ತಲೆ ಕವಿಯಿತು, ಬೆರಳು ಸಡಿಲವಾದವು, ಮೇಲ್ತುದಿ ಜಾರಿತು... ಕಂಬ ಒಂದೇ ಏಟಿಗೆ ಎದೆ ಅಡ್ಡಕೊಟ್ಟು ಇಡೀ ಸ್ಟ್ರೆಚರನ್ನು ಗೋಡೆಗೆ ಒತ್ತಿ ಹಿಡಿದ. ಅವನ ಭುಜ ಕಟಕ್ಕೆಂದದ್ದು ಅವಳಿಗೂ ಕೇಳಿಸಿತು.

ಗರ್ಭಿಣಿಗೆ ಏನೂ ಆಗಲಿಲ್ಲ. ಆದರೆ ಆಸ್ಪತ್ರೆ ಮುಟ್ಟುವವರೆಗೂ ಆಕೆ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ನರ್ಸ್ ಆ ಕೈಯನ್ನೇ ನೋಡುತ್ತಾ ಕೂತಳು.

ಮಾರನೆ ದಿನ ಡ್ಯೂಟಿ ಪುಸ್ತಕದಲ್ಲಿ ಅವನ ಅಕ್ಷರ: 'ಇವರಿಗೆ ಎತ್ತುವ ಕೆಲಸ ಕೊಡಬಾರದು. ಮೊದಲು ಡಾಕ್ಟರ್ ನೋಡಲಿ.'

ಅವಳು ಪುಸ್ತಕ ಹಿಡಿದೇ ಗ್ಯಾರೇಜಿಗೆ ನುಗ್ಗಿದಳು. ಅವನು ಒಂದು ಕೈಯನ್ನು ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಇಳಿಬಿಟ್ಟು, ಇನ್ನೊಂದರಲ್ಲಿ ಗಾಜು ಒರೆಸುತ್ತಿದ್ದ.

"ಕೊನೆಗೂ ಓಡಿಸಿದ್ರಿ ಅಲ್ವಾ ನನ್ನ? ಮೊದಲ ದಿನದಿಂದ ನಿಮಗೆ ನನ್ನ ಕಂಡ್ರೆ ತಾತ್ಸಾರ. ತೂಕ ಎಷ್ಟಂತೆ, ತೂಕ..."

"ಎಲ್ಲರನ್ನೂ ಕೇಳ್ತೀನಿ."

"ಏನು?"

ಕಂಬ ಬಟ್ಟೆ ಕೆಳಗಿಟ್ಟ. ಅವಳು ಕಂಡಂತೆ ಅವನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಮೆಟ್ಟಿಲಲ್ಲಿ ಭಾರ ಎಲ್ಲಾ ಕೆಳತುದಿಗೆ ಬೀಳುತ್ತೆ. ತಕ್ಕಷ್ಟು ತೂಕ ಇರೋರು ಮಾತ್ರ ಅಲ್ಲಿ ನಿಲ್ಲಬೇಕು. ವರ್ಷಗಳ ಹಿಂದೆ ನನ್ನ ಜೊತೆ ಇದ್ದವನೊಬ್ಬ ಎಂಬತ್ತು ಅಂದ. ಬಡಕಲು ಅಂತ ಆಡ್ಕೋತಾರೆ ಅಂತ ಸುಳ್ಳು ಹೇಳಿದ್ದ. ಇದ್ದಿದ್ದು ಐವತ್ತೆಂಟು. ಅವನನ್ನ ನಂಬಿ ಕೆಳಗೆ ನಿಲ್ಲಿಸಿದೆ... ಒಬ್ಬ ಅಜ್ಜಿ ಬಿದ್ದರು. ಆಮೇಲೆ ಎದ್ದು ಓಡಾಡಲೇ ಇಲ್ಲ ಅವರು."

ಅವಳ ಕೈಯಲ್ಲಿದ್ದ ಪುಸ್ತಕ ಕೆಳಗಿಳಿಯಿತು.

"ಅವತ್ತಿಂದ ಯಾರನ್ನೂ ಕೆಳಗೆ ನಿಲ್ಲಿಸಿಲ್ಲ ನಾನು. ಆದ್ರೂ ಕೇಳ್ತೀನಿ. ನೀವು ಬಂದಾಗ, ಪರವಾಗಿಲ್ಲ, ಗಟ್ಟಿ ಜೊತೆ ಸಿಕ್ತು ಅಂತ ಖುಷಿಪಟ್ಟೆ. ನೀವು ದಿನದಿನಕ್ಕೆ ಕರಗ್ತಾ ಹೋದ್ರಿ. ನನಗೆ ಮಾತು ಬರಲ್ಲ. ಅದಕ್ಕೇ ಬಾಳೆಹಣ್ಣು ಇಟ್ಟೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಹೆದರಿಕೆ."

ಅವಳು ಅತ್ತಳು. ನಾಚಿಕೆಗೆ ಅರ್ಧ, ಹಸಿವಿಗೆ ಅರ್ಧ.

ಸ್ಟೇಷನ್ ಡಾಕ್ಟರಮ್ಮ ಬೈದ ಬೈಗುಳ ಕಾರಿಡಾರಿಗೆಲ್ಲ ಕೇಳಿಸಿತು.

"ಐವತ್ತಂತೆ ಐವತ್ತು! ನಿನ್ನ ಎತ್ತರಕ್ಕೆ ಅದು ಕಾಯಿಲೆಯವರ ತೂಕ ಕಣೇ. ಎಪ್ಪತ್ತೆಂಟು ಸ್ವಲ್ಪ ಜಾಸ್ತಿ, ಒಪ್ಪಿದೆ. ಆರು ತಿಂಗಳಲ್ಲಿ ನಿಧಾನಕ್ಕೆ ಆರೇಳು ಕೆಜಿ ಇಳಿಸಿದ್ರೆ ಮುಗೀತಿತ್ತು. ಈಗ ನೀನು ಕಳ್ಕೊಂಡಿರೋದು ಕೊಬ್ಬಲ್ಲ, ಕಸುವು."

"ಹಾಗಾದ್ರೆ ಎಷ್ಟಿರಬೇಕು, ಡಾಕ್ಟ್ರೇ?"

"ಹೊಟ್ಟೆತುಂಬ ಊಟ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ದಿನಾ ಸ್ಟ್ರೆಚರ್ ಎತ್ತಿದ ಮೇಲೂ ಯಾವ ತೂಕ ನಿಲ್ಲುತ್ತೋ ಅದು ನಿನ್ನದು. ನನ್ನ ಅಂದಾಜಲ್ಲಿ ಎಪ್ಪತ್ತರ ಆಸುಪಾಸು. ಪರೀಕ್ಷೆ ಮೂರು ತಿಂಗಳು ಮುಂದಕ್ಕೆ ಹಾಕಿಸ್ತೀನಿ. ಮೊದಲು ಹೋಗಿ ಊಟ ಮಾಡು."

ಮುಂದಿನ ಭಾನುವಾರ ಕನ್ನಡಕದವನ ತಾಯಿ ಮಗನ ಜೊತೆ ತೂಕದ ಲೆಕ್ಕ ನೋಡಲು ಬಂದಳು. ನರ್ಸ್ ಚಿಕ್ಕಮ್ಮನ ಎದುರೇ ಹೇಳಿದಳು.

"ನನ್ನ ತೂಕ ನಾನೇ ಆರಿಸ್ಕೊಂಡಿದ್ದೀನಿ. ಎಪ್ಪತ್ತು. ಐವತ್ತರ ಹುಡುಗಿ ಬೇಕಾದ್ರೆ ನಿಮ್ಮೆತ್ತರದವಳನ್ನ ಹುಡುಕ್ಕೊಳ್ಳಿ."

"ದುಂಡಿ..." ಚಿಕ್ಕಮ್ಮ ಅವಳ ತೋಳು ಜಗ್ಗಿದಳು.

"ನನಗೊಂದು ಹೆಸರಿದೆ, ಚಿಕ್ಕಮ್ಮ."

ಕನ್ನಡಕದವನು ಆಗ ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದ. ತಡವಾಗಿತ್ತು. ಗಾಜಿನ ಮಿಷನ್ ಸ್ಟೇಷನ್ನಿಗೆ ಹೋಗಿ, ಆಕ್ಸಿಜನ್ ಸಿಲಿಂಡರ್ ತೂಗುವ ಮರ್ಯಾದಸ್ಥ ಕೆಲಸಕ್ಕೆ ಸೇರಿತು.

ಮೂರು ತಿಂಗಳು ಅವಳು ತಿಂದಳು, ಮಲಗಿದಳು, ಮರಳಿನ ಗೊಂಬೆ ಹೊತ್ತು ಹತ್ತಿಳಿದಳು. ಸೀಟಿನ ಮೇಲೆ ದಿನಾ ಬಾಳೆಹಣ್ಣು ಬಂತು. ವಾಚ್‌ಮನ್ ಮುಖ ಮಾತ್ರ ಸೊರಗಿತು.

ಪರೀಕ್ಷೆಯ ದಿನ. ನಾಲ್ಕನೇ ಮಹಡಿ, ಎಂಬತ್ತು ಕೆಜಿಯ ಗೊಂಬೆ, ಕೆಳಗೆ ಗಡಿಯಾರ ಹಿಡಿದ ಸಾಹೇಬರು. ಮೇಲ್ತುದಿಗೆ ಯಾರು ಬೇಕಾದರೂ ನಿಲ್ಲಬಹುದಿತ್ತು. ಕಂಬ ಬಂದು ನಿಂತ. ಅವನ ಹಣೆ ಆಗಲೇ ಬೆವೆತಿತ್ತು.

"ನಿಮ್ಮ ತೂಕ ಎಷ್ಟು?"

"ಎಪ್ಪತ್ತು." ಅವಳು ಸಾಹೇಬರಿಗೂ ಕೇಳುವ ಹಾಗೆ ಹೇಳಿದಳು. "ಇವತ್ತು ಬೆಳಿಗ್ಗೆ ನೋಡಿದ್ದು. ನಂಬ್ತೀರಾ?"

ಅವನು ಒಂದು ಗಳಿಗೆ ಅವಳ ಕಣ್ಣನ್ನೇ ನೋಡಿದ. ಆಮೇಲೆ ಅಷ್ಟು ವರ್ಷ ಯಾರಿಗೂ ಬಿಟ್ಟುಕೊಡದಿದ್ದ ಕೆಳತುದಿಯನ್ನು ಅವಳ ಕೈಗೆ ಬಿಟ್ಟ.

ಒಂದು ಮಹಡಿ. ಎರಡು. ಅವತ್ತಿನಂಥದ್ದೇ ತಿರುವಿನಲ್ಲಿ ಈ ಸಲ ಬೆರಳು ಸಡಿಲವಾಗಲಿಲ್ಲ. ಮೂರು. ನಾಲ್ಕು... ಗೊಂಬೆ ನೆಲ ಮುಟ್ಟಿತು.

"ಪಾಸ್," ಎಂದರು ಸಾಹೇಬರು.

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಕೂತು ಜೇಬಿನಿಂದ ಬಾಳೆಹಣ್ಣು ತೆಗೆದ, ಅರ್ಧ ಮುರಿದು ಕೊಟ್ಟ.

"ಇನ್ಮೇಲೆ ಹೊಸಬರು ಬಂದ್ರೆ ನನ್ನನ್ನ ಬೇರೆ ಗಾಡಿಗೆ ಹಾಕ್ತಾರಂತೆ," ಎಂದಳು, ಅವನ ಮುಖ ನೋಡದೆ.

"ಹೋಗ್ತೀರಾ?"

"ಹೋಗಬೇಡ ಅನ್ನೋರು ಇದ್ರೆ ಹೋಗಲ್ಲ."

ಕಂಬ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಹೋಗಬೇಡ... ಗಾಡಿಯಲ್ಲಿ ಮಾತ್ರ ಅಲ್ಲ. ಎಲ್ಲೂ ನನ್ನ ಬಿಟ್ಟು ಹೋಗಬೇಡ."

ಅವಳು ಬಾಳೆಹಣ್ಣು ಪೂರ್ತಿ ತಿಂದು ಮುಗಿಸಿದ ಮೇಲೇ ಉತ್ತರ ಕೊಟ್ಟಳು.

"ನಿನ್ನ ತೂಕ ಎಷ್ಟು ಅಂತ ನೀನು ಇವತ್ತಿನವರೆಗೂ ಹೇಳೇ ಇಲ್ಲ."

"ತೊಂಬತ್ತೊಂದು."

"ಪರವಾಗಿಲ್ಲ," ಎಂದು ಅವಳು ಅವನ ನೋಯದ ಭುಜಕ್ಕೆ ತಲೆ ಒರಗಿಸಿದಳು, "ಹೊರ್ತೀನಿ."